ನಮ್ಮ ಮನೆಯವರು ತೈಲ ನಿಗಮದ ಅಧ್ಯಕ್ಷರಾಗಿದ್ದ ಎರಡು ದಿನ

ಮದುವೆಯಾದ ಮೇಲೆ ನಾನೂ ನಮ್ಮ ಮನೆಯವರೂ ಮಾತು ಬಿಟ್ಟದ್ದು ಅಪರೂಪ. ಬಿಟ್ಟಾಗಲೂ ಕಾರಣ ಕಣ್ಣಿಗೆ ಕಾಣುವಂಥದ್ದು ಇರುತ್ತಿತ್ತು: ಹಸಿ ಟವೆಲ್ಲು ಹಾಸಿಗೆಯ ಮೇಲೆ ಬಿದ್ದದ್ದು, ನನ್ನ ತಮ್ಮನ ಮದುವೆಗೆ ಅವರು ಅಕ್ಕಿಕಾಳು ಮುಗಿದ ಮೇಲೆ ಬಂದದ್ದು, ಇಂಥವು. ಒಂದೇ ಒಂದು ಸಲ ನಾವು ಕಚ್ಚಾ ತೈಲದ ಸಲುವಾಗಿ ಮಾತು ಬಿಟ್ಟೆವು. ತೈಲ ನಮ್ಮದಲ್ಲ. ಆ ತೈಲ ಇದ್ದ ದೇಶವೂ ಯಾವ ನಕಾಶೆಯಲ್ಲೂ ಇರಲಿಲ್ಲ.

ನಾನು ಔರಾದದ ಕಾಲೇಜೊಂದರಲ್ಲಿ ಅರ್ಥಶಾಸ್ತ್ರ ಕಲಿಸುತ್ತೇನೆ. ಅವರು ಭಾಲ್ಕಿಯಲ್ಲಿ ರಾಜ್ಯಶಾಸ್ತ್ರ. ಮನೆ ಬೀದರದಲ್ಲಿ. ಬೆಳಿಗ್ಗೆ ಇಬ್ಬರೂ ಒಂದೇ ಸ್ಕೂಟರಿನಲ್ಲಿ ಬಸ್ ಸ್ಟ್ಯಾಂಡಿಗೆ ಹೋಗಿ, ಅದನ್ನು ಅಲ್ಲೇ ನಿಲ್ಲಿಸಿ, ಒಬ್ಬೊಬ್ಬರು ಒಂದೊಂದು ದಿಕ್ಕಿನ ಬಸ್ಸು ಹತ್ತುತ್ತೇವೆ. ಸಂಜೆ ಮೊದಲು ಬಂದವರು ಇನ್ನೊಬ್ಬರಿಗಾಗಿ ಕಾಯಬೇಕು. ಸಾಮಾನ್ಯವಾಗಿ ಕಾಯುವವರು ಅವರೇ. ಭಾಲ್ಕಿಗೆ ರೈಲೂ ಉಂಟು; ಔರಾದಕ್ಕೆ ಬಸ್ಸೇ ಗತಿ.

ಇನ್ನೊಂದು ಮಾತನ್ನೂ ಹೇಳಬೇಕು. ನನ್ನ ತವರು ಡಾಬಕಾ ಎಂಬ ಹಳ್ಳಿ. ಅವರು ಬೀದರ ಶಹರದವರು, ಕೋಟೆಯ ಕಡೆಯ ಹಳೆಯ ಓಣಿಯವರು. ಮನೆಯಲ್ಲಿ ಅವರೂ ಅವರ ತಾಯಿಯೂ ಅರ್ಧ ಮರಾಠಿ, ಅರ್ಧ ಕನ್ನಡ ಮಾತಾಡುತ್ತಾರೆ. ಅತ್ತೆಯನ್ನು ನಾನೂ ಅವರಂತೆಯೇ ಆಯಿ ಎನ್ನುತ್ತೇನೆ. 'ನಾವು ಶಹರದವರು' ಎಂಬ ಮಾತು ನಮ್ಮ ಮನೆಯಲ್ಲಿ ವರ್ಷಕ್ಕೊಮ್ಮೆಯಾದರೂ ಬರುತ್ತದೆ. ಬಂದ ದಿನ ನಾನು ಸಾರಿಗೆ ಖಾರ ಜಾಸ್ತಿ ಹಾಕುತ್ತೇನೆ. ಅಲ್ಲಿಗೆ ಮುಗಿಯುತ್ತದೆ.

ಹೊಸ ಪಠ್ಯದಲ್ಲಿ ಇಂಧನ ಅರ್ಥಶಾಸ್ತ್ರ ಎಂಬ ವಿಷಯ ಸೇರಿಸಿದರು. ಅದನ್ನು ಕಲಿಸುವವರಿಗೆ ಕಲಿಸಲೆಂದು ಬೀದರದ ಒಂದು ಕಾಲೇಜಿನಲ್ಲಿ ಎರಡು ದಿನದ ಕಾರ್ಯಾಗಾರ ಇಟ್ಟರು. ಪ್ರತಿ ಕಾಲೇಜಿನಿಂದಲೂ ಜನ ಬರಲೇಬೇಕೆಂದು ಹುಕುಂ. ಅರ್ಥಶಾಸ್ತ್ರದವರು ಅಷ್ಟು ಜನ ಎಲ್ಲಿದ್ದಾರೆ? ಪ್ರಿನ್ಸಿಪಾಲರು ಕೈಗೆ ಸಿಕ್ಕವರನ್ನು ಕಳಿಸಿದರು. ಹಾಗಾಗಿ ರಾಜ್ಯಶಾಸ್ತ್ರದ ನಮ್ಮ ಮನೆಯವರು ಬಂದರು. ಅವರ ಕಾಲೇಜಿನಲ್ಲಿ ಮಕ್ಕಳಿಗೆ ಕಬಡ್ಡಿ, ವಾಲಿಬಾಲ್ ಆಡಿಸುವ ಪಿ.ಡಿ. ಸರ್ ಬಂದರು. ಅವರು ಖಟಕ ಚಿಂಚೋಳಿಯವರು, ಬಾಗಿಲಿನಷ್ಟು ದೊಡ್ಡ ಆಳು. ನಿವೃತ್ತಿಗೆ ಹತ್ತಿರವಾಗಿದ್ದ ಉರ್ದು ಸಾಹೇಬರೊಬ್ಬರು ಶೇರವಾನಿ ತೊಟ್ಟು ಬಂದರು. ಬಾಗಿಲಲ್ಲಿ ನಿಂತು, "ಇಂಧನ ಅಂದ್ರ ಏನ್ರಿ ಮೇಡಂ, ಕಟ್ಟಿಗಿಯೇನು?" ಎಂದು ನನ್ನನ್ನೇ ಕೇಳಿದರು.

ಹೇಳಿಕೊಡಲು ಬಂದವರು ಮೈಸೂರು ಕಡೆಯ ತೆಳ್ಳನೆಯ ಮನುಷ್ಯ. ವಯಸ್ಸು ನಲವತ್ತರ ಆಚೀಚೆ. ದೂರದ ಒಂದು ತೈಲ ದೇಶದಲ್ಲಿ ಇಂಧನ ಯೋಜನೆಯ ಕಚೇರಿಯಲ್ಲಿ ಕೆಲವು ವರ್ಷ ಕೆಲಸ ಮಾಡಿ ಬಂದಿದ್ದರು. ಆಹ್ವಾನ ಪತ್ರದಲ್ಲಿ ಅವರನ್ನು 'ಸಂಪನ್ಮೂಲ ವ್ಯಕ್ತಿ' ಎಂದು ಬರೆದಿದ್ದರು. ಅವರ ಮೈ ನೋಡಿದರೆ ಸಂಪನ್ಮೂಲ ಮುಗಿಯುತ್ತ ಬಂದಂತಿತ್ತು. ಮಾತು ಮಾತ್ರ ಬಹಳ ಮೆತ್ತಗೆ.

"ಭಾಷಣ ಮಾಡಿದರೆ ನೀವೆಲ್ಲ ನಿದ್ದೆ ಮಾಡ್ತೀರಿ. ಅದಕ್ಕೇ ಒಂದು ಆಟ ಆಡೋಣ," ಎಂದು ಅವರು ಶುರು ಮಾಡಿದರು.

ಆಟ ಎಂದ ಕೂಡಲೇ ಪಿ.ಡಿ. ಸರ್ ಎದ್ದು ಕುಳಿತರು.

ಒಂದು ದೇಶವಿದೆ ಅಂದುಕೊಳ್ಳಿ ಎಂದರು ಸಂಪನ್ಮೂಲ ವ್ಯಕ್ತಿ. ನೆಲದಲ್ಲಿ ತೈಲ, ಮೇಲೆ ಬೇಕಾದಷ್ಟು ಬಿಸಿಲು. ತೈಲ ಮಾರಿಯೇ ದೇಶ ನಡೆಯುತ್ತದೆ. ಅಲ್ಲಿನ ಜನರಿಗೆ ಪೆಟ್ರೋಲ್ ನೀರಿನ ಹಾಗೆ ಅಗ್ಗ. ಕರೆಂಟನ್ನೂ ತೈಲ ಸುಟ್ಟೇ ಮಾಡುತ್ತಾರೆ. ಆದರೆ ತೈಲ ಒಂದು ದಿನ ಮುಗಿಯುತ್ತದೆ. ಮುಗಿಯುವುದಕ್ಕೂ ಮೊದಲೇ ಹೊರಗಿನವರು ಕೊಳ್ಳುವುದನ್ನು ಕಡಿಮೆ ಮಾಡಬಹುದು. ಈಗ ಮುಂದಿನ ಕಾಲಕ್ಕೆ ಒಂದು ಯೋಜನೆ ಮಾಡಬೇಕು, ಎಲ್ಲ ಭಾಗೀದಾರರೂ ಒಪ್ಪಬೇಕು.

"ಭಾಗೀದಾರ ಅಂದ್ರ ನಮಗೂ ಪಾಲು ಸಿಗ್ತದೇನ್ರಿ?" ಎಂದು ಪಿ.ಡಿ. ಸರ್ ಕೇಳಿದರು.

"ಪಾಲು ಅಂತಲ್ಲ ಸಾರ್. ಈ ತೀರ್ಮಾನದಿಂದ ಯಾರ ಬದುಕಿಗೆ ಬಿಸಿ ತಟ್ಟುತ್ತೋ ಅವರೆಲ್ಲ ಭಾಗೀದಾರರು."

ಆಮೇಲೆ ನಮ್ಮನ್ನೆಲ್ಲ ಗುಂಪು ಗುಂಪು ಮಾಡಿ, ಗುಂಪಿಗೊಬ್ಬರಿಂದ ಚೀಟಿ ಎತ್ತಿಸಿದರು. ಉರ್ದು ಸಾಹೇಬರಿಗೆ ಹಣಕಾಸು ಮಂತ್ರಿಗಿರಿ ಬಂತು. ಪಿ.ಡಿ. ಸರ್ ಆ ದೇಶದ ಸಾಮಾನ್ಯ ನಾಗರಿಕರ ಮುಖಂಡರಾದರು, ಅಂದರೆ ಗಾಡಿ, ಎ.ಸಿ. ಇರುವವರ ಮುಖಂಡರು. ಎಣ್ಣೆ ಬಾವಿಗಳ ಪಕ್ಕದ ಹಳ್ಳಿಯ ಪ್ರತಿನಿಧಿಯಾಗುವುದು ನನ್ನ ಪಾಲಿಗೆ ಬಂತು. ನಮ್ಮ ಮನೆಯವರು ಚೀಟಿ ಬಿಚ್ಚಿ ಎರಡು ಸಲ ಓದಿಕೊಂಡರು. ರಾಷ್ಟ್ರೀಯ ತೈಲ ನಿಗಮದ ಅಧ್ಯಕ್ಷರು.

"ನನಗ ಇದರಾಗಿಂದು ಏನೂ ತಿಳಿಯಂಗಿಲ್ರಿ, ಬ್ಯಾರೆ ಯಾರಿಗರ ಕೊಡ್ರಿ," ಎಂದರು. ಆಗ ಅವರು ಇನ್ನೂ ನನ್ನ ಗಂಡನಾಗಿಯೇ ಇದ್ದರು.

ಕೆಡಿಸಿದ್ದು ಪಿ.ಡಿ. ಸರ್. "ನಿಗಮದ ಅಧ್ಯಕ್ಷರಿಗಿ ಕೈ ಇರೋ ಖುರ್ಚಿ ಬೇಕಲ್ರಿ," ಎಂದು ಪ್ರಿನ್ಸಿಪಾಲರ ಕೋಣೆಯಿಂದ ಒಂದು ತಿರುಗುವ ಕುರ್ಚಿಯನ್ನು ಒಬ್ಬರೇ ಎತ್ತಿ ತಂದಿಟ್ಟರು. ನಮ್ಮವರು ಸಂಕೋಚದಿಂದಲೇ ಕುಳಿತರು. ಒಮ್ಮೆ ಎಡಕ್ಕೆ ತಿರುಗಿದರು, ಒಮ್ಮೆ ಬಲಕ್ಕೆ ತಿರುಗಿದರು. ಕಾಲ ಮೇಲೆ ಕಾಲು ಹಾಕಿದರು. ಚಹಾ ಬರುವಷ್ಟರಲ್ಲಿ ಅವರ ದನಿಯೇ ಬದಲಾಗಿತ್ತು. ಚಹಾ ಕೊಟ್ಟವನಿಗೆ ಕಣ್ಣು ಎತ್ತದೆ "ಅಲ್ಲಿಡು" ಎಂದರು. ಮನೆಯಲ್ಲಿ ಚಹಾ ಕೊಟ್ಟರೆ ಎದ್ದು ನಿಂತು ತೆಗೆದುಕೊಳ್ಳುವ ಮನುಷ್ಯ ಅವರು.

ಸಭೆ ಶುರುವಾಯಿತು. ಬೇಡಿಕೆ ಬೇರೆ, ಹಿತ ಬೇರೆ ಎಂದು ಸಂಪನ್ಮೂಲ ವ್ಯಕ್ತಿ ಮೊದಲೇ ತಿಳಿಸಿ ಹೇಳಿದ್ದರು. ಏನು ಬೇಕು ಎಂಬುದನ್ನಷ್ಟೇ ಅಲ್ಲ, ಅದು ಯಾಕೆ ಬೇಕು ಎಂಬುದನ್ನೂ ಹೇಳಿ, ಆಗ ದಾರಿ ಸಿಗುತ್ತದೆ ಎಂದಿದ್ದರು. ನಾವೆಲ್ಲ ತಲೆ ಆಡಿಸಿದ್ದೆವು. ಆಮೇಲೆ ಆ ಮಾತನ್ನು ಯಾರೂ ನೆನಪಿನಲ್ಲಿ ಇಟ್ಟುಕೊಳ್ಳಲಿಲ್ಲ.

ಮೊದಲು ಪಿ.ಡಿ. ಸರ್ ಎದ್ದರು. "ಪೆಟ್ರೋಲ್ ರೇಟ್ ಏರಸಬಾರದು. ಇಷ್ಟೇ ನಂದು," ಎಂದು ಕುಳಿತರು. ಯಾಕೆ ಎಂದು ಕೇಳಿದ್ದಕ್ಕೆ ಮತ್ತೆ ಎದ್ದು, "ಏರಸಬಾರದು," ಎಂದರು.

ಉರ್ದು ಸಾಹೇಬರು ಕಣ್ಣು ಮುಚ್ಚಿಕೊಂಡೇ, "ಖಜಾನಾ ಖಾಲಿ ಅದರಿ," ಎಂದರು. ಮುಂದೆ ಯಾರು ಏನೇ ಕೇಳಿದರೂ ಅವರು ಹೇಳಿದ್ದು ಆ ಒಂದೇ ಮಾತು. ಅಷ್ಟು ದುಃಖದಿಂದ ಹೇಳುತ್ತಿದ್ದರೆಂದರೆ ಒಂದೆರಡು ಸಲ ನನಗೇ ಅವರ ಖಜಾನೆಗೆ ಏನಾದರೂ ಹಾಕಬೇಕೆನ್ನಿಸಿತು.

ನಮ್ಮವರು ಎದ್ದು ಬೋರ್ಡಿನ ಮೇಲೆ ಒಂದು ಕಟ್ಟಡದ ಚಿತ್ರ ಬಿಡಿಸಿದರು. ಹೊಸ ಬಾವಿ ತೋಡಬೇಕು, ಹೊಸ ಯಂತ್ರ ತರಿಸಬೇಕು, ನಿಗಮಕ್ಕೆ ಹನ್ನೆರಡು ಮಹಡಿಯ ಗಾಜಿನ ಕಚೇರಿ ಕಟ್ಟಬೇಕು ಎಂದರು. "ಹೊರದೇಶದ ಮಂದಿ ಬಂದ್ರ ಕೂಡಿಸ್ಲಿಕ್ಕ ಜಾಗಾ ಬೇಕಲ್ರಿ," ಎಂಬುದು ಅವರ ಕಾರಣ. ಚಿತ್ರಕ್ಕೆ ಲಿಫ್ಟನ್ನೂ ಬಿಡಿಸಿದರು.

ಆಮೇಲೆ ನನ್ನ ಸರದಿ. ಬಾವಿಯಿಂದ ಎಣ್ಣೆಯ ಜೊತೆಗೆ ಗ್ಯಾಸೂ ಬರುತ್ತದೆ, ಕೊಳವೆ ಹಾಕುವುದು ಖರ್ಚಿನ ಕೆಲಸ ಎಂದು ಎಷ್ಟೋ ಕಡೆ ಅದನ್ನು ಅಲ್ಲೇ ಸುಟ್ಟುಬಿಡುತ್ತಾರೆ ಎಂದು ಬೆಳಿಗ್ಗೆ ಹೇಳಿದ್ದರು. ಅದನ್ನೇ ಹಿಡಿದುಕೊಂಡೆ.

"ನಿಮ್ಮ ಬಾವಿ ಬಾಯಾಗ ಬೆಂಕಿ ಹಗಲೂ ರಾತ್ರಿ ಉರೀತದರಿ. ಆ ಬೆಳಕಿನ್ಯಾಗ ನಮ್ಮೂರ ಹುಂಜಕ್ಕ ಯಾವಾಗ ಕೂಗಬೇಕು ಅಂಬೂದೇ ತಿಳೀವಲ್ದು. ಆದ್ರ ಮನಿಯಾಗ ಒಂದ್ ಬಲ್ಬ್ ಇಲ್ಲ. ಸುಡೋ ಗ್ಯಾಸಿನಿಂದ ಕರೆಂಟ್ ಮಾಡಿ ಮೊದಲ ನಮಗ ಕೊಡ್ರಿ," ಎಂದೆ.

ಅಧ್ಯಕ್ಷರು ಕುರ್ಚಿಯನ್ನು ನನ್ನ ಕಡೆ ತಿರುಗಿಸಿದರು. "ಕೊಳವಿ ಹಾಕೋದು ಪರವಡಸಂಗಿಲ್ರಿ, ಖರ್ಚು ಭಾಳ."

"ಸುಡೋದು ಹ್ಯಾಂಗ ಪರವಡಸ್ತದ?"

"ಅದು ತಾಂತ್ರಿಕ ವಿಷಯ. ಹಳ್ಳಿ ಮಂದಿಗಿ ತಿಳಿಯೂ ಹಂಗಿಲ್ಲ."

ಸಭೆಯಲ್ಲಿ ಯಾರೋ ನಕ್ಕರು. ಅವರು ಹೇಳಿದ್ದು ಚೀಟಿಯಲ್ಲಿದ್ದ ಹಳ್ಳಿಗೆ. ನನಗೆ ಕೇಳಿಸಿದ್ದು ಡಾಬಕಾ.

"ಅಧ್ಯಕ್ಷರು ಶಹರದವರು," ಎಂದೆ ನಾನು, ಎಲ್ಲರ ಕಡೆಗೂ ತಿರುಗಿ. "ಗೀಜರ್ ಚಾಲೂ ಮಾಡಿ ಮರ್ತು ಹಂಗೇ ಬಸ್ ಹತ್ತಲಿಕ್ಕ ಹೋಗ್ತಾರ. ಅದನ್ನ ಬಂದ್ ಮಾಡೋರು ಹಳ್ಳಿ ಮಂದಿನೇ."

ಸಭೆ ಬಿದ್ದು ಬಿದ್ದು ನಕ್ಕಿತು. ನಾವು ಗಂಡ ಹೆಂಡತಿ ಎಂಬುದು ಗೊತ್ತಿಲ್ಲದವರಿಗೂ ಆಗ ಗೊತ್ತಾಯಿತು. ಸಂಪನ್ಮೂಲ ವ್ಯಕ್ತಿಗೆ ಮಾತ್ರ ಗೊತ್ತಾಗಲಿಲ್ಲ. "ತುಂಬಾ ಚೆನ್ನಾಗಿ ಪಾತ್ರದೊಳಗೆ ಇಳಿದಿದ್ದೀರಿ ಮೇಡಂ, ಹೀಗೇ ಮುಂದುವರಿಸಿ," ಎಂದರು. ನಮ್ಮವರ ಕಿವಿ ಕೆಂಪಗಾಯಿತು. ಅವರು ಕುರ್ಚಿಯನ್ನು ಗೋಡೆಯ ಕಡೆ ತಿರುಗಿಸಿಕೊಂಡು ಕುಳಿತರು.

ಸಂಜೆ ಅದೇ ಸ್ಕೂಟರಿನಲ್ಲಿ ಮನೆಗೆ ಬಂದೆವು. ಸಾಮಾನ್ಯವಾಗಿ ರಸ್ತೆಯ ಉಬ್ಬು ಬಂದಾಗ "ಗಟ್ಟಿ ಹಿಡಕೋ" ಎನ್ನುವವರು. ಅವತ್ತು ಒಂದಕ್ಕೂ ಅನ್ನಲಿಲ್ಲ. ನಾನೂ ಸೀಟಿನ ಹಿಂದಿನ ಕಬ್ಬಿಣ ಹಿಡಿದು ಕುಳಿತೆ.

ಆಯಿ ಬಾಗಿಲು ತೆಗೆದು ನಮ್ಮಿಬ್ಬರ ಮುಖ ನೋಡಿದರು. "ಏನಾಯ್ತು?"

"ಏನಿಲ್ಲ," ಎಂದರು ಅವರು.

"ಏನಿಲ್ಲ ಆಯಿ," ಎಂದೆ ನಾನು.

ಆಯಿ ಹೆಚ್ಚು ಕೇಳಲಿಲ್ಲ. ಅವರು ಕೇಳಿ ತಿಳಿಯುವುದಕ್ಕಿಂತ ನಿಂತು ಕೇಳಿಸಿಕೊಂಡು ತಿಳಿಯುವುದೇ ಹೆಚ್ಚು. ನಮ್ಮವರು ಅಂಗಳದಲ್ಲಿ ಅಡ್ಡಾಡುತ್ತ ಪಿ.ಡಿ. ಸರ್‌ಗೆ ಫೋನು ಮಾಡಿದರು.

"ನೋಡ್ರಿ, ಪೆಟ್ರೋಲ್ ರೇಟ್ ನಾ ಏರಸಂಗಿಲ್ಲ, ನನ್ನ ಮಾತು. ನಾಳಿ ವೋಟಿಂಗ್ ಬಂತಂದ್ರ ನಿಮ್ಮ ಮಂದಿ ನನ್ನ ಕಡಿ ಇರಬೇಕು. ಎ.ಸಿ. ಸಲುವಾಗಿ ಚಿಂತಿ ಬ್ಯಾಡ. ಗ್ಯಾಸ್ ಅದ. ಅದರ ಕರೆಂಟ್ ನಿಮಗೇ ಬಿಡ್ತೇನಿ."

ನಾನು ಅಡುಗೆ ಮನೆಯಲ್ಲಿ ಬೇಳೆ ಕುದಿಯಲು ಇಟ್ಟು ಇದನ್ನು ಕೇಳಿಸಿಕೊಂಡೆ. ಗ್ಯಾಸನ್ನು ನನ್ನ ಹಳ್ಳಿಗೆ ಕೊಡಲು ಪರವಡಿಸುವುದಿಲ್ಲ, ಎ.ಸಿ.ಯವರಿಗೆ ಕೊಡಲು ಪರವಡಿಸುತ್ತದೆ. ನಾನೂ ಫೋನು ತೆಗೆದುಕೊಂಡು ಹಣಕಾಸು ಮಂತ್ರಿಗಳಿಗೆ ಹಚ್ಚಿದೆ.

"ಸಾಹೇಬ್ರ, ನಮ್ಮೂರಿಗಿ ಎಣ್ಣಿ ಸುಟ್ಟು ಕರೆಂಟ್ ಕೊಡೋ ಬದಲಿ ಗ್ಯಾಸಿಂದು ಕೊಟ್ರ ಅಷ್ಟು ಎಣ್ಣಿ ಉಳೀತದ. ಉಳಿದ ಎಣ್ಣಿ ಮಾರ್ಕೋರಿ. ನಿಮ್ಮ ಖಜಾನಾ ತುಂಬ್ತದ."

ಆ ಕಡೆ ಕಾಗದ ಸರಿಸುವ ಸದ್ದು ಕೇಳಿಸಿತು. ಆಮೇಲೆ, "ಮೇಡಂ, ಮಿಕ್ಕಿದ ಗ್ಯಾಸ್‌ನೂ ಮಾರ್ಲಿಕ್ಕ ಬರ್ತದೇನ್ರಿ?" ಎಂದರು. ಅವರು ಖಜಾನೆಯ ಮಾತು ಬಿಟ್ಟು ಬೇರೆ ಮಾತಾಡಿದ್ದು ಅದೇ ಮೊದಲು. ಆ ಖುಷಿಯಲ್ಲಿ ನಾನು ಹಾಂ ಎಂದುಬಿಟ್ಟೆ.

ಮರುದಿನ ಬೆಳಿಗ್ಗೆ ಎದುರು ಮನೆಯ ಕಾಕು ಪೇಢೆಯ ಡಬ್ಬಿ ಹಿಡಿದುಕೊಂಡು ಬಂದರು. ಕಾಕು ಆಯಿಯ ಗೆಳತಿ. ಹಿಂದಿನ ಸಂಜೆ ದೇವಸ್ಥಾನದ ಕಟ್ಟೆಯ ಮೇಲೆ ಆಯಿ, ಮಗ ಎಲೆಕ್ಷನ್ನಿಗೆ ನಿಂತ ಹಾಗಿದೆ, ಯಾವುದೋ ಎಣ್ಣೆ ಕಂಪನಿಯ ಅಧ್ಯಕ್ಷಗಿರಿಯೂ ಇದೆ, ಸೊಸೆಗೆ ಅದು ಮನಸ್ಸಿಲ್ಲ ಎಂದು ಇಷ್ಟನ್ನು ಹೇಳಿದ್ದರು. ಫೋನಿನಲ್ಲಿ ಕೇಳಿದ್ದನ್ನೆಲ್ಲ ಕೂಡಿಸಿದರೆ ಯಾರಿಗಾದರೂ ಹಾಗೇ ಅನ್ನಿಸುತ್ತಿತ್ತು.

"ನಮ್ಮ ತಮ್ಮನ ಮಗ ಐ.ಟಿ.ಐ. ಮಾಡ್ಯಾನಪ್ಪ. ಎಣ್ಣಿ ಬಾವಿ ಮ್ಯಾಲ ಒಂದ್ ನೌಕರಿ ಕೊಡಸು. ದೂರ ಆದ್ರೂ ನಡೀತದ," ಎಂದರು ಕಾಕು, ಪೇಢೆ ನಮ್ಮವರ ಬಾಯಿಗೇ ಹಿಡಿದು.

ನಮ್ಮವರು ನಿಜ ಹೇಳಬಹುದಿತ್ತು. ಪೇಢೆ ನುಂಗಿ, ಗಂಟಲು ಸರಿ ಮಾಡಿಕೊಂಡು, "ನೋಡೋಣ ಕಾಕು. ಹೊಸ ಬಾವಿ ಮಂಜೂರ್ ಆಗಲಿ," ಎಂದರು. ನಾನು ಅವರ ಮುಖವನ್ನೇ ನೋಡಿದೆ. ತಮಾಷೆ ಮಾಡುತ್ತಿರಲಿಲ್ಲ. ಆ ಬಾವಿ ನೆಲದಲ್ಲಿ ಇಲ್ಲ ಎಂದು ಕಾಕುಗೆ ತಿಳಿಸಿ ಹೇಳಲು ಮುಂದೆ ಒಂದು ವಾರ ಬೇಕಾಯಿತು. ಈಗಲೂ ಕಾಕು, ನೌಕರಿ ಇತ್ತು, ಇವರು ಬೇರೆ ಯಾರಿಗೋ ಕೊಟ್ಟರು ಎಂದೇ ತಿಳಿದಿದ್ದಾರೆ.

ಎರಡನೆಯ ದಿನ ಸಭೆ ನಾವು ಹೋಗುವ ಮೊದಲೇ ಬಿಸಿಯಾಗಿತ್ತು. ಎಲ್ಲರೂ ರಾತ್ರಿಯೇ ಒಬ್ಬರಿಗೊಬ್ಬರು ಫೋನು ಮಾಡಿ ಮಾತು ಕೊಟ್ಟು ಮಾತು ಪಡೆದಿದ್ದರು. ಸಂಪನ್ಮೂಲ ವ್ಯಕ್ತಿಗೆ ಇದು ತಿಳಿಯದು. ಮೊದಲ ದಿನ ಕೂಗಿ ಕೂಗಿ ಅವರ ಗಂಟಲು ಕಟ್ಟಿತ್ತು. ಕೊರಳಿಗೆ ಮಫ್ಲರ್ ಸುತ್ತಿಕೊಂಡು, ಬಿಸಿನೀರು ಕುಡಿಯುತ್ತ, ಕೈಸನ್ನೆಯಲ್ಲೇ ಸಭೆ ನಡೆಸಿದರು. ಮಧ್ಯಾಹ್ನದ ಹೊತ್ತಿಗೆ ಅಧ್ಯಕ್ಷರು ಒಂದು ತಪ್ಪು ಮಾಡಿದರು. ಹೊಸ ಬಾವಿಗೆ ಹಣ ಸಾಲದಿದ್ದರೆ ಪೆಟ್ರೋಲ್ ಬೆಲೆಯನ್ನು ಸ್ವಲ್ಪ, ಬಹಳ ಸ್ವಲ್ಪ, ಏರಿಸಬೇಕಾದೀತು ಎಂದರು.

ಪಿ.ಡಿ. ಸರ್ ಕುರ್ಚಿ ಹಿಂದೆ ನೂಕಿದರು. ಎದ್ದು ಹೊರಗೆ ಹೋದರು.

ಊಟದ ಬಿಡುವಿನಲ್ಲಿ ನೋಡಿದರೆ ಅವರು ತಮ್ಮ ನಾಗರಿಕರನ್ನು ಕಟ್ಟಿಕೊಂಡು ವರಾಂಡದಲ್ಲಿ ಅಡ್ಡ ಕುಳಿತಿದ್ದರು. ಊಟದ ಮನೆಗೆ ಅದೊಂದೇ ದಾರಿ. ಎಲ್ಲರಿಗೂ ಬಿಡುತ್ತಿದ್ದರು, ನಿಗಮದವರಿಗೆ ಬಿಡುತ್ತಿರಲಿಲ್ಲ.

"ಏನ್ರಿ ಇದು?" ಎಂದರು ನಮ್ಮವರು.

"ರಾಸ್ತಾ ರೋಕೋ ಅದರಿ. ರೇಟ್ ಏರಸಂಗಿಲ್ಲಂತ ಎಲ್ಲಾರ ಮುಂದ ಹೇಳ್ರಿ. ಆಮ್ಯಾಲ ಊಟ."

"ನಿಗಮದ ಅಧ್ಯಕ್ಷ ಹಿಂಗ ಬೆದರಿಕಿಗಿ ಬಗ್ಗಂಗಿಲ್ಲ," ಎಂದು ನಮ್ಮವರು ಹಿಂದಿರುಗಿದರು. ನಿಗಮದ ಉಳಿದ ಸದಸ್ಯರು ಅಷ್ಟು ಗಟ್ಟಿಯಿರಲಿಲ್ಲ. ಬದನೆಕಾಯಿ ಪಲ್ಯದ ವಾಸನೆ ಬರುತ್ತಿತ್ತು. ಒಬ್ಬೊಬ್ಬರಾಗಿ ರಾಜೀನಾಮೆ ಕೊಟ್ಟು ಒಳಗೆ ಹೋದರು.

ಸಂಪನ್ಮೂಲ ವ್ಯಕ್ತಿ ಓಡಿ ಬಂದು, "ಸಾರ್, ಇದು ಊಟದ ಸಮಯ, ಪಾತ್ರದಿಂದ ಹೊರಗೆ ಬನ್ನಿ," ಎಂದು ಇಲ್ಲದ ದನಿಯಲ್ಲಿ ಬೇಡಿಕೊಂಡರು.

"ನಿನ್ನಿ ಪಾತ್ರದಾಗೇ ಇರ್ರಿ ಅಂದೀರಿ, ಇವತ್ತ ಹೊರಗ ಬರ್ರಿ ಅಂತೀರಿ. ನಾವೇನ್ ಮಾಡಬೇಕ್ರಿ?" ಎಂದರು ಪಿ.ಡಿ. ಸರ್.

ನಾನು ಊಟಕ್ಕೆ ಕುಳಿತೆ. ಜೋಳದ ರೊಟ್ಟಿ, ಬದನೆಕಾಯಿ, ಶೇಂಗಾ ಹಿಂಡಿ, ಮೊಸರು. ಬದನೆಕಾಯಿ ಅವರಿಗೆ ಬಹಳ ಸೇರುತ್ತದೆ. ಎರಡು ತುತ್ತು ತಿಂದು ಎದ್ದೆ. ಮಾತು ಬಿಟ್ಟದ್ದು ಬೇರೆ, ಹಸಿವೆ ಬೇರೆ. ಒಂದು ತಾಟಿನಲ್ಲಿ ರೊಟ್ಟಿ ಪಲ್ಯ ಹಾಕಿಸಿಕೊಂಡು ವರಾಂಡಕ್ಕೆ ಬಂದೆ. ಪಿ.ಡಿ. ಸರ್ ಕೈ ಅಡ್ಡ ಹಿಡಿದರು.

"ಇದು ಯಾರಿಗಿ ಮೇಡಂ?"

"ಬಾವಿ ನಮ್ಮೂರಾಗ ಅದರಿ. ಬಾವಿ ಮ್ಯಾಲ ಕೆಲಸಕ್ಕ ಬಂದೋರಿಗಿ ನಮ್ಮೂರಾಗ ಉಪಾಸ ಕೂಡಸಂಗಿಲ್ಲ."

ಅವರು ಸ್ವಲ್ಪ ಯೋಚಿಸಿದರು. ಹಳ್ಳಿಯವರ ಮೇಲೆ ತಮಗೆ ಸಿಟ್ಟಿಲ್ಲ ಎಂದು ದಾರಿ ಬಿಟ್ಟರು.

ಅಧ್ಯಕ್ಷರು ದೊಡ್ಡ ಸಭಾಂಗಣದಲ್ಲಿ ಒಬ್ಬರೇ ಆ ಕುರ್ಚಿಯಲ್ಲಿ ಕುಳಿತಿದ್ದರು. ತಾಟು ಮುಂದಿಟ್ಟೆ. ಅವರು ಒಂದು ರೊಟ್ಟಿ ತಿಂದರು. ಎರಡನೆಯದರ ಅರ್ಧಕ್ಕೆ ನಿಲ್ಲಿಸಿ, "ಖಾರ ಕಮ್ಮಿ ಅದ," ಎಂದರು. ಅದು ಒಂದು ಹಗಲು, ಒಂದು ರಾತ್ರಿಯ ಮೇಲೆ ಬಂದ ಮೊದಲ ಮಾತು.

"ಆ ಹಳ್ಳಿ ಮಾತು ನಿನಗ ಅಂದಿದ್ದಿಲ್ಲ," ಎಂದರು ತಾಟಿನ ಕಡೆ ನೋಡುತ್ತ.

"ಗೊತ್ತು. ಆದ್ರ ನಿಮ್ಮ ಬಾಯಿಂದ ಎಷ್ಟು ಸಲೀಸ ಬಂತು ನೋಡ್ರಿ," ಎಂದೆ. "ನಮ್ಮಪ್ಪನ ಹೊಲದ ಮ್ಯಾಲಿಂದ ದೊಡ್ಡ ಲೈನ್ ಹೋಗ್ಯಾವ. ಸಣ್ಣಾಕಿ ಇದ್ದಾಗ ಅದರ ಕೆಳಗ ನಿಂತು ಗುಂಯ್ ಅಂಬೂ ಸಪ್ಪಳ ಕೇಳ್ತಿದ್ದೆ. ಮನಿಗಿ ಬಂದ್ರ ಚಿಮಣಿ ದೀಪದಾಗ ಅಭ್ಯಾಸ. ಆ ಕರೆಂಟ್ ಎಲ್ಲಿಗಿ ಹೋಗ್ತದಂತ ಅಪ್ಪನ್ನ ಕೇಳ್ದಾಗ ಶಹರಕ್ಕ ಅಂತಿದ್ದ. ನಿನ್ನಿ ಅದೇ ನೆನಪಾಯ್ತು."

ಇಷ್ಟು ವರ್ಷದಲ್ಲಿ ನಾನು ಅವರಿಗೆ ಇದನ್ನು ಹೇಳಿರಲಿಲ್ಲ. ಹೇಳುವ ಪ್ರಸಂಗ ಬಂದಿರಲಿಲ್ಲ. ಅವರು ರೊಟ್ಟಿ ಮುರಿಯುತ್ತ ಕುಳಿತರು.

"ನಂದೂ ಒಂದ್ ಮಾತು ಅದ," ಎಂದರು. "ಕಾಲೇಜಿನ್ಯಾಗ ನಾ ಸಂವಿಧಾನ ಹೇಳ್ತಿರ್ತೇನಿ, ಹುಡುಗರು ಮೊಬೈಲ್ ನೋಡ್ತಿರ್ತಾರ. ಮನಿಯಾಗ ಏನ್ ಅಡಗಿ, ಕಿಟಕಿಗಿ ಯಾವ ಪಡದೆ, ಎಲ್ಲಾ ನೀನೂ ಆಯಿನೂ ಮಾತಾಡಿ ಮುಗಿಸಿರ್ತೀರಿ. ಈ ಖುರ್ಚಿ ಮ್ಯಾಲ ಕೂತಾಗ ನಾ ಮಾತಾಡಿದ್ರ ಎಲ್ಲಾರೂ ಸುಮ್ಮ ಕೂತು ಕೇಳ್ತಿದ್ರು. ಬೈಲಿಕ್ಕಾದ್ರೂ ಕೇಳ್ತಿದ್ರು. ಹನ್ನೆರಡು ಮಹಡಿ ಅಂದಿದ್ದು ಅದಕ್ಕೇ."

ನನಗೆ ನಗು ಬಂತು, ಕೆಡುಕೂ ಅನ್ನಿಸಿತು. ಬೇಡಿಕೆ ಬೇರೆ, ಹಿತ ಬೇರೆ ಎಂದು ಆ ಮನುಷ್ಯ ಗಂಟಲು ಹರಿದುಕೊಂಡು ಹೇಳಿದ್ದು ಇದನ್ನೇ ಇರಬೇಕು. "ಮುಂದಿನ ಸಲ ಪಡದೆ ಬಣ್ಣ ನೀವ ಹೇಳ್ರಿ," ಎಂದೆ. "ಹಸರು," ಎಂದರು ಕೂಡಲೇ. ಎಷ್ಟು ದಿನದಿಂದ ಆ ಬಣ್ಣ ಮನಸ್ಸಿನಲ್ಲಿ ಇಟ್ಟುಕೊಂಡಿದ್ದರೋ.

ಊಟದ ನಂತರ ಒಂದು ತಾಸಿನಲ್ಲಿ ಯೋಜನೆ ಸಿದ್ಧವಾಯಿತು. ಎಲ್ಲರೂ ಒಪ್ಪಿದರು. ಚಪ್ಪಾಳೆಯಾಯಿತು. ಸಂಪನ್ಮೂಲ ವ್ಯಕ್ತಿ ಕಾಗದ ತೆಗೆದುಕೊಂಡು ಓದಿದರು. ಓದುತ್ತ ಓದುತ್ತ ಕುರ್ಚಿಯ ಮೇಲೆ ಕುಳಿತುಬಿಟ್ಟರು.

"ಇಲ್ಲಿ ಬಾವಿಯ ಗ್ಯಾಸು ಹಳ್ಳಿಗೆ ಕೊಟ್ಟಿದ್ದೀರಿ. ಅದೇ ಗ್ಯಾಸು ಪೂರ್ತಿ ಪಟ್ಟಣದ ಎ.ಸಿ.ಗಳಿಗೂ ಕೊಟ್ಟಿದ್ದೀರಿ. ಮತ್ತೆ ಅದೇ ಗ್ಯಾಸನ್ನು ಹಣಕಾಸು ಮಂತ್ರಿಗಳು ಹೊರದೇಶಕ್ಕೆ ಮಾರುತ್ತಿದ್ದಾರೆ," ಎಂದು ಪಿಸುಗುಟ್ಟಿದರು.

ಎಲ್ಲರೂ ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ನಾನು ಉರ್ದು ಸಾಹೇಬರ ಕಡೆ ನೋಡಲಿಲ್ಲ. ನಮ್ಮವರು ಪಿ.ಡಿ. ಸರ್ ಕಡೆ ನೋಡಲಿಲ್ಲ.

"ಖಜಾನಾ ಮತ್ತ ಖಾಲಿ," ಎಂದರು ಉರ್ದು ಸಾಹೇಬರು ಮೆಲ್ಲಗೆ.

ಮೊದಲಿನಿಂದ ಶುರು ಮಾಡಬೇಕಾಯಿತು. ಈ ಸಲ ಸಂಪನ್ಮೂಲ ವ್ಯಕ್ತಿ ಒಂದು ನಿಯಮ ಹಾಕಿದರು: ಪ್ರತಿಯೊಬ್ಬರೂ ಏನಾದರೂ ಒಂದನ್ನು ಬಿಡಬೇಕು. ಒಬ್ಬರು ಇನ್ನೊಬ್ಬರ ಕಡೆ ಕೈ ತೋರಿಸಿದರು. ಆಗ ನಮ್ಮವರು ಎದ್ದರು. ಆ ತಿರುಗುವ ಕುರ್ಚಿಯನ್ನು ಹಿಂದೆ ಸರಿಸಿ, ಬೋರ್ಡಿನ ಹತ್ತಿರ ಹೋಗಿ ತಾವೇ ಬರೆದಿದ್ದ ಕಟ್ಟಡವನ್ನು ಮೇಲಿನ ಮಹಡಿಯಿಂದ ಒರೆಸುತ್ತ ಬಂದರು. ನೆಲಮಹಡಿಯನ್ನು ಮಾತ್ರ ಉಳಿಸಿಕೊಂಡರು.

"ಇದರ ರೊಕ್ಕದಾಗ ಕೊಳವಿ ಹಾಕ್ತೇವ್ರಿ. ಗ್ಯಾಸ್ ಮೊದಲ ಹಳ್ಳಿಗಿ. ಆದ್ರ ಹಳ್ಳಿಯವರು ಕರೆಂಟ್ ಬಿಲ್ ಕಟ್ಟಬೇಕು," ಎಂದರು.

"ಕಟ್ತೇವಿ," ಎಂದೆ. ಪುಕ್ಕಟೆ ಕರೆಂಟು ನನ್ನ ಬೇಡಿಕೆಯಲ್ಲಿತ್ತು. ಅದನ್ನು ಬಿಟ್ಟೆ.

ಪಿ.ಡಿ. ಸರ್ ಮಾತ್ರ ಕೈ ಕಟ್ಟಿಕೊಂಡು ಕುಳಿತಿದ್ದರು. ಅವರನ್ನು ಬಗ್ಗಿಸಿದ್ದು ಕೊನೆಗೆ ಬಸ್ಸು. ಪೆಟ್ರೋಲ್ ಬೆಲೆ ಮುಟ್ಟುವ ಮೊದಲು ಎಲ್ಲ ಊರಿಗೂ ಬಸ್ಸು ಹಾಕಬೇಕು, ಬಸ್ಸು ಬಂದ ಮೇಲಷ್ಟೇ ಬೆಲೆ, ಅದೂ ಮೆಲ್ಲಗೆ ಏರಬೇಕು ಎಂದು ನಾನೇ ಸೂಚಿಸಿದೆ. ದಿನಾ ಔರಾದಕ್ಕೆ ನಿಂತುಕೊಂಡು ಹೋಗುವವಳ ಸೂಚನೆ ಅದು.

"ಬಸ್ಸಿನ್ಯಾಗ ಸೀಟ್ ಸಿಗ್ತದೇನ್ರಿ?" ಎಂದು ಅವರು ಕೇಳಿದರು.

"ಸೀಟ್ ಸಿಗೂತನಕ ರೇಟ್ ಏರಸಂಗಿಲ್ಲ ಅಂತ ಬರೀರಿ," ಎಂದರು ನಮ್ಮವರು.

ಬರೆದರು. ಪಟ್ಟಣದ ಎ.ಸಿ.ಗಳಿಗೆ ಬಿಸಿಲಿನಿಂದ ಕರೆಂಟು ಮಾಡುವುದೆಂದೂ ಸೇರಿಸಿದರು. ಉರ್ದು ಸಾಹೇಬರು ಗ್ಯಾಸಿನ ಆಸೆ ಬಿಟ್ಟು, ಅದರಿಂದ ಉಳಿಯುವ ತೈಲದ ಮೇಲೆ ಸಮಾಧಾನ ಪಟ್ಟುಕೊಂಡರು. ಭಾಲ್ಕಿ, ಔರಾದ ಕಡೆಯವರು ಬಸ್ಸು ತಪ್ಪುತ್ತದೆ ಎಂದು ಆಗಲೇ ಚೀಲ ಹೆಗಲಿಗೇರಿಸಿ ನಿಂತಿದ್ದರು. ಆ ದೇಶದ ಮುಂದಿನ ಕಾಲ ಬಾಗಿಲ ಹತ್ತಿರ ನಿಂತುಕೊಂಡೇ ತೀರ್ಮಾನವಾಯಿತು. ಚಪ್ಪಾಳೆ ಹೊಡೆಯಲು ಹೆಚ್ಚು ಜನ ಉಳಿದಿರಲಿಲ್ಲ.

ಸಂಪನ್ಮೂಲ ವ್ಯಕ್ತಿಯ ರೈಲಿಗೆ ಇನ್ನೂ ಹೊತ್ತಿತ್ತು. ನಮ್ಮವರು ಅವರನ್ನು ಮನೆಗೆ ಕರೆದರು; ನಾನು ಆಟೋ ಹಿಡಿದು ಮೊದಲೇ ಬಂದಿದ್ದೆ. ಬಾಗಿಲಲ್ಲಿ ನನ್ನನ್ನು ಕಂಡು ಆ ಮನುಷ್ಯ ಬೆಚ್ಚಿ, "ನೀವೂ ಇಲ್ಲೇ ಬಂದಿದ್ದೀರಾ ಮೇಡಂ?" ಎಂದರು. ನಾವು ಗಂಡ ಹೆಂಡತಿ ಎಂದು ತಿಳಿದ ಮೇಲೆ ಅವರಿಗೆ ಎಷ್ಟು ಸಂಕೋಚವಾಯಿತೆಂದರೆ ನೀರೂ ಸರಿಯಾಗಿ ಕುಡಿಯಲಿಲ್ಲ. ಹೀಗೇ ಮುಂದುವರಿಸಿ ಎಂದು ನಮ್ಮನ್ನು ಹುರಿದುಂಬಿಸಿದ್ದು ನೆನಪಾಗಿರಬೇಕು.

ಆಯಿ ಅವರ ಗಂಟಲಿಗೆ ಶುಂಠಿ ಕಷಾಯ ಮಾಡಿಕೊಟ್ಟರು, ಶೇಂಗಾ ಹೋಳಿಗೆ ಬಡಿಸಿದರು. ಎದುರಿಗೆ ಕುಳಿತು ಎರಡು ದಿನದಿಂದ ತಡೆದಿಟ್ಟುಕೊಂಡದ್ದನ್ನೆಲ್ಲ ಕೇಳಿದರು.

"ಖರೇ ಎಣ್ಣಿ ದೇಶದಾಗೂ ಮಂದಿ ಹಿಂಗೇ ಜಗಳಾಡ್ತಾರೇನಪ್ಪ?"

"ಇಲ್ಲಮ್ಮ," ಎಂದರು ಅವರು. ಕಷಾಯದಿಂದ ದನಿ ಸ್ವಲ್ಪ ಬಂದಿತ್ತು. "ನಾನಿದ್ದ ಕಡೆ ಸಭೆಯಲ್ಲಿ ಎಲ್ಲರೂ ಒಪ್ಪಿಬಿಡೋರು. ತೈಲ ಕಂಪನಿಯೋರು, ಮಂತ್ರಿಗಳ ಕಡೆಯೋರು, ಕರೆಂಟಿನೋರು, ಎಲ್ಲ ತಲೆ ಆಡಿಸೋರು. ಆಚೆ ಹೋಗಿ ಅವರವರ ಕೆಲಸ ಅವರವರು ಮೊದಲಿನ ಹಾಗೇ ಮಾಡೋರು. ಹಳ್ಳಿಯೋರನ್ನಂತೂ ಕರೀತಾನೇ ಇರಲಿಲ್ಲ. ನಾವು ಮಾಡಿದ ಯೋಜನೆ ತುಂಬಾ ಅಂದವಾಗಿ ಅಚ್ಚಾಯ್ತು. ಅದು ಯಾರಿಗೂ ಬೇಕಾಗಲಿಲ್ಲ. ನನ್ನನ್ನು ಯಾರೂ ಬೈಯಲೂ ಇಲ್ಲ. ಅದಕ್ಕೇ ಬಿಟ್ಟು ಬಂದೆ."

ಇದನ್ನು ಹೇಳುವಾಗ ಅವರು ಹೋಳಿಗೆಯನ್ನು ಸಣ್ಣ ಸಣ್ಣ ಚೂರು ಮಾಡುತ್ತಿದ್ದರು.

"ಮೀಟಿಂಗಿನ್ಯಾಗ ಊಟಕ್ಕ ಏನ್ ಕೊಡ್ತಿದ್ರು?" ಎಂದು ಆಯಿ ಕೇಳಿದರು.

ಅವರು ಮೊದಲ ಸಲ ಬಾಯಿ ತುಂಬ ನಕ್ಕರು. ಖರ್ಜೂರ, ಅನ್ನ, ಮಾಂಸ ಎಂದರು. ತಾವು ಸಸ್ಯಾಹಾರಿಯಾದ್ದರಿಂದ ಖರ್ಜೂರ ತಿಂದೇ ಅಷ್ಟು ವರ್ಷ ಕಳೆದದ್ದು ಎಂದರು. ಆಯಿ ಕೂಡಲೇ ಎದ್ದು ಹೋಗಿ 'ಪಾಪ' ಎನ್ನುತ್ತ ಇನ್ನೆರಡು ಹೋಳಿಗೆ ತಂದು ಹಾಕಿದರು, ರೈಲಿಗೆಂದು ಇನ್ನಷ್ಟು ಕಟ್ಟಿಕೊಟ್ಟರು. ನಮ್ಮವರು ಅವರನ್ನು ಸ್ಟೇಷನ್ನಿಗೆ ಬಿಟ್ಟು ಬಂದರು.

ಮರುದಿನ ರವಿವಾರ. ಆಯಿ ಅಟ್ಟದಿಂದ ಗೋಧಿಯ ಚೀಲ ಇಳಿಸಿ ಮಾಳಿಗೆಯ ಮೇಲೆ ಸುರಿಸಿದರು. "ಎಲ್ಲಾ ದೇಶದ ಕೆಲಸ ಮುಗೀತಲ್ಲ, ಈಗ ಇದಕ್ಕ ಕೂಡ್ರಿ," ಎಂದರು. ಮೂವರೂ ಕುಳಿತು ಗೋಧಿ ಹಸನು ಮಾಡಿದೆವು. ನಮ್ಮವರಿಗೆ ಅದು ಬರುವುದಿಲ್ಲ. ಹರಳು ಬಿಟ್ಟು ಕಾಳು ತೆಗೆದು ಎಸೆಯುತ್ತಾರೆ. ಅವತ್ತು ನಾನೂ ಆಯಿಯೂ ಏನೂ ಅನ್ನಲಿಲ್ಲ. ಅವರು ಸಂವಿಧಾನದ ಯಾವುದೋ ವಿಧಿಯನ್ನು ತಿಳಿಸಿ ಹೇಳುತ್ತಿದ್ದರು. ಬಿಸಿಲು ಏರುವ ತನಕ ಕೇಳುತ್ತ ಕುಳಿತೆವು.